ಸ್ಕ್ಯಾನ್ ಮಾಡಿದ ಫೋಟೋಗಳ ಅಂಚು ಕತ್ತರಿಸಲು ನಾನು ಹಿಡಿದ ದಾರಿ

ಹಳೆಯ ಫೋಟೋ ಪ್ರಿಂಟ್‌ಗಳನ್ನು ಸ್ಕ್ಯಾನ್ ಮಾಡುವುದು ಸುಲಭ. ಬೇಜಾರು ಶುರುವಾಗುವುದು ಅದಾದ ಮೇಲೆ. ಸ್ಕ್ಯಾನರ್ ತನ್ನ ಇಡೀ ಗಾಜನ್ನು ಓದುತ್ತದೆ. 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕೆಯ ಲೆಕ್ಕದಲ್ಲಿ, ಎ4 ಅಳತೆಯ ಗಾಜು ಅಂದರೆ 4960×7016 ಪಿಕ್ಸೆಲ್. ಅದರೊಳಗೆ ಎಲ್ಲೋ ಒಂದು ಕಡೆ ಅಂಗೈಯಗಲದ ಫೋಟೋ, ಉಳಿದದ್ದೆಲ್ಲ ಖಾಲಿ. ಇಂಥ ನೂರಾರು ಫೈಲ್‌ಗಳನ್ನು ಒಂದೊಂದಾಗಿ ತೆರೆದು, ಮೌಸ್‌ನಲ್ಲಿ ಚೌಕ ಎಳೆದು ಕತ್ತರಿಸುವಷ್ಟು ತಾಳ್ಮೆ ನನಗಿಲ್ಲ. ಅದಕ್ಕೇ ಇಮೇಜ್‌ಮ್ಯಾಜಿಕ್ ಹಿಡಿದೆ.

ಇದು ಕಮಾಂಡ್ ಟೈಪ್ ಮಾಡಿ ಚಿತ್ರಗಳನ್ನು ತಿದ್ದುವ ಹಳೆಯ ಸಾಫ್ಟ್‌ವೇರ್. ಡ್ಯೂಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ 1987ರಲ್ಲಿ ಬರೆಯಲು ಶುರುಮಾಡಿದ್ದು, 1990ರಲ್ಲಿ ಎಲ್ಲರಿಗೂ ಸಿಕ್ಕಿತು. ಲಿನಕ್ಸ್, ವಿಂಡೋಸ್, ಮ್ಯಾಕ್ ಎಲ್ಲದರಲ್ಲೂ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ. ಏಳನೇ ಆವೃತ್ತಿಯಿಂದ ಕಮಾಂಡ್‌ನ ಹೆಸರು ‘ಮ್ಯಾಜಿಕ್’. ಅದಕ್ಕೂ ಮೊದಲು ‘ಕನ್ವರ್ಟ್’ ಇತ್ತು. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಸಂಬಂಧಪಟ್ಟ ಬೇರೆಯದೇ ಕಮಾಂಡ್‌ಗೂ ಅದೇ ಹೆಸರು ಇರುವುದರಿಂದ ಗೊಂದಲ ಆಗುತ್ತಿತ್ತು. ಈಗ ಆ ತಲೆನೋವಿಲ್ಲ.

ಅಂಚು ಕತ್ತರಿಸುವ ಆಯ್ಕೆಗೆ ‘ಟ್ರಿಮ್’ ಎಂದು ಹೆಸರು. ಕಮಾಂಡ್ ಬರೆಯುವ ಕ್ರಮ ಹೀಗೆ: ಮೊದಲು ಮ್ಯಾಜಿಕ್, ಆಮೇಲೆ ಫೋಟೋ ಫೈಲ್‌ನ ಹೆಸರು, ಮೈನಸ್ ಚಿಹ್ನೆಯ ಜೊತೆ ಟ್ರಿಮ್, ಪ್ಲಸ್ ಚಿಹ್ನೆಯ ಜೊತೆ ರೀಪೇಜ್, ಕೊನೆಗೆ ಹೊಸ ಫೈಲ್‌ನ ಹೆಸರು. ರೀಪೇಜ್ ಯಾಕೆ ಅಂದರೆ, ಪಿಎನ್‌ಜಿ ಮತ್ತು ಜಿಫ್ ಫೈಲ್‌ಗಳು ಕತ್ತರಿಸುವ ಮೊದಲು ಚಿತ್ರ ಎಲ್ಲಿತ್ತು ಎಂಬುದನ್ನೂ ಒಳಗೆ ಬರೆದಿಟ್ಟುಕೊಳ್ಳುತ್ತವೆ. ಅದನ್ನು ಅಳಿಸದಿದ್ದರೆ ಕೆಲವು ಸಾಫ್ಟ್‌ವೇರ್‌ಗಳು ಚಿತ್ರವನ್ನು ಹಳೆಯ ಜಾಗದಲ್ಲೇ ಇಟ್ಟು ತೋರಿಸುತ್ತವೆ. ಜೆಪೆಗ್‌ನಲ್ಲಿ ಈ ರಗಳೆ ಇಲ್ಲ, ಆದರೂ ಸೇರಿಸಿದರೆ ನಷ್ಟವೇನಿಲ್ಲ.

ಇಷ್ಟನ್ನೇ ಸ್ಕ್ಯಾನ್ ಮೇಲೆ ಓಡಿಸಿ ನೋಡಿ. ಹೆಚ್ಚಿನ ಸಲ ಏನೂ ಆಗುವುದಿಲ್ಲ. ಟ್ರಿಮ್ ಮೂಲೆಯ ಪಿಕ್ಸೆಲ್‌ನ ಬಣ್ಣ ನೋಡುತ್ತದೆ. ಅಂಚಿನ ಇಡೀ ಸಾಲು ಪೂರ್ತಿ ಅದೇ ಬಣ್ಣ ಇದ್ದರೆ ಮಾತ್ರ ಆ ಸಾಲನ್ನು ತೆಗೆಯುತ್ತದೆ. ಕಂಪ್ಯೂಟರ್‌ನಲ್ಲೇ ಬಿಡಿಸಿದ ಚಿತ್ರಕ್ಕೆ ಇದು ಸರಿ. ಸ್ಕ್ಯಾನರ್‌ನ ಬಿಳಿ ಮುಚ್ಚಳ ನಮ್ಮ ಕಣ್ಣಿಗೆ ಒಂದೇ ಬಿಳಿ, ಫೈಲ್‌ನಲ್ಲಿ ಮಾತ್ರ ಹತ್ತಾರು ಬಗೆಯ ಬಿಳಿ. ಜೆಪೆಗ್ ಆಗಿದ್ದರಂತೂ ಇನ್ನೂ ಜಾಸ್ತಿ, ಯಾಕಂದರೆ ಅದು ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡು ಮಾಡಿ ಕುಗ್ಗಿಸುವಾಗ ಗಾಢ ಅಂಚಿನ ಸುತ್ತಮುತ್ತ ಸಣ್ಣ ಕಲೆಗಳನ್ನು ಬಿಡುತ್ತದೆ.

ಇದಕ್ಕೆ ಇರುವ ಮದ್ದು ‘ಫಜ್’. ಬಣ್ಣದಲ್ಲಿ ಶೇಕಡಾ ಇಷ್ಟು ವ್ಯತ್ಯಾಸ ಇದ್ದರೂ ಒಂದೇ ಬಣ್ಣ ಅಂತ ತಿಳಿದುಕೋ ಎಂದು ಹೇಳುವ ಆಯ್ಕೆ. ಟ್ರಿಮ್‌ಗಿಂತ ಮೊದಲೇ ಬರೆಯಬೇಕು. ಆಮೇಲೆ ಬರೆದರೆ ಅದು ಇದ್ದೂ ಇಲ್ಲದ ಹಾಗೆ.

ಫಜ್ ಎಷ್ಟು ಕೊಡಬೇಕು? ಎಲ್ಲರೂ ಸುಮ್ನೆ 5 ಅಥವಾ 10 ಹಾಕಿ ಮುಂದೆ ಹೋಗುತ್ತಾರೆ. ನಾನು ಊಹೆ ಮಾಡುವುದಿಲ್ಲ, ಅಳೆಯುತ್ತೇನೆ. ಇಮೇಜ್‌ಮ್ಯಾಜಿಕ್‌ನಲ್ಲಿ ಕತ್ತರಿಸದೆಯೇ ‘ಎಲ್ಲಿ ಕತ್ತರಿಸುತ್ತೀಯ ಹೇಳು’ ಎಂದು ಕೇಳುವ ದಾರಿ ಇದೆ. ಫಾರ್ಮ್ಯಾಟ್ ಎಂಬ ಆಯ್ಕೆಗೆ %@ ಎಂಬ ಎರಡು ಚಿಹ್ನೆ ಕೊಟ್ಟರೆ 3641×2437+118+96 ಈ ಥರದ ಉತ್ತರ ಬರುತ್ತದೆ. ಮೊದಲಿನ ಎರಡು ಅಗಲ ಮತ್ತು ಎತ್ತರ, ಆಮೇಲಿನ ಎರಡು ಎಡದಿಂದ ಎಷ್ಟು, ಮೇಲಿನಿಂದ ಎಷ್ಟು ಎಂಬುದು. ಒಂದೇ ಫೋಟೋಗೆ ಫಜ್ ಅನ್ನು 2ರಿಂದ 30ರವರೆಗೆ ಏರಿಸುತ್ತಾ ಈ ಉತ್ತರಗಳನ್ನು ಸಾಲಾಗಿ ಬರೆಸಿಕೊಂಡೆ. ಮೊದಲು ಪೂರ್ತಿ ಗಾಜಿನ ಅಳತೆಯೇ ಬರುತ್ತದೆ. ಒಂದು ಹಂತದಲ್ಲಿ ತಟ್ಟನೆ ಇಳಿದು ಫೋಟೋ ಅಳತೆಗೆ ಬರುತ್ತದೆ. ಆಮೇಲೆ ಸ್ವಲ್ಪ ದೂರ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ. ಇನ್ನೂ ಏರಿಸಿದರೆ ಮತ್ತೆ ಇಳಿಯುತ್ತದೆ, ಅಂದರೆ ಫೋಟೋವನ್ನೇ ತಿನ್ನಲು ಶುರುಮಾಡಿದೆ ಎಂದರ್ಥ. ಅಳತೆ ಬದಲಾಗದೆ ನಿಂತ ಆ ಭಾಗದ ನಡುವಿನ ಸಂಖ್ಯೆಯನ್ನು ಆರಿಸಿಕೊಂಡೆ. ಆ ಭಾಗ ತೀರಾ ಕಿರಿದಾಗಿದ್ದರೆ ಫಜ್ ಬದಲಾಯಿಸಿ ಪ್ರಯೋಜನವಿಲ್ಲ. ತೊಂದರೆ ಸ್ಕ್ಯಾನ್‌ನಲ್ಲೇ ಇದೆ.

ಬಿಳಿ ಮುಚ್ಚಳದ ಸ್ಕ್ಯಾನ್‌ಗಳಲ್ಲಿ ನನಗೆ ಕಂಡದ್ದು ಅದೇ. ಹಳೆಯ ಪ್ರಿಂಟ್‌ಗಳಿಗೆ ಸುತ್ತಲೂ ತಮ್ಮದೇ ಬಿಳಿ ಪಟ್ಟಿ ಇರುತ್ತದಲ್ವಾ? ಟ್ರಿಮ್‌ಗೆ ಮುಚ್ಚಳದ ಬಿಳಿಯೂ ಒಂದೇ, ಪ್ರಿಂಟ್‌ನ ಬಿಳಿಯೂ ಒಂದೇ. ಒಂದು ಫೋಟೋದಲ್ಲಿ ಪಟ್ಟಿ ಉಳಿಯುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ. ಪಟ್ಟಿ ಇಲ್ಲದ ಪ್ರಿಂಟ್‌ನಲ್ಲಿ ಮೇಲ್ಗಡೆ ಬೆಳ್ಳಗಿನ ಆಕಾಶ ಇದ್ದರೆ ಆಕಾಶವೂ ಹೋಗುತ್ತದೆ. ಹಾಗಾಗಿ ಮುಂದಿನ ಕಂತಿನಿಂದ ಫೋಟೋ ಮೇಲೆ ಹೊಳಪಿಲ್ಲದ ಕಪ್ಪು ದಪ್ಪ ಕಾಗದ ಇಟ್ಟು ಮುಚ್ಚಳ ಮುಚ್ಚಿದೆ. ಈಗ ಬಿಳಿ ಪಟ್ಟಿಯೇ ಗಡಿ ಆಯಿತು. ಫಜ್ 20 ಕೊಟ್ಟರೂ ಫೋಟೋಗೆ ಏನೂ ಆಗಲಿಲ್ಲ. ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಕಾಗದ, ಯಾವ ಕಮಾಂಡೂ ಅಲ್ಲ. ಪಟ್ಟಿಯಿಲ್ಲದ ಕಪ್ಪು ಛಾಯೆಯ ಫೋಟೋಗಳಿಗೆ ಮಾತ್ರ ಬಿಳಿ ಮುಚ್ಚಳವನ್ನೇ ಬಳಸಿ, ಅವನ್ನು ಬೇರೆ ಫೋಲ್ಡರ್‌ನಲ್ಲಿ ಇಟ್ಟೆ.

ಆದರೆ ಕಪ್ಪು ಕಾಗದದ ಮೇಲೆ ಧೂಳು ಎದ್ದು ಕಾಣುತ್ತದೆ. ಅಂಚಿನ ಸಾಲಿನಲ್ಲಿ ಒಂದೇ ಒಂದು ಬಿಳಿ ಚುಕ್ಕೆ ಇದ್ದರೂ ಟ್ರಿಮ್ ಅಲ್ಲೇ ನಿಲ್ಲುತ್ತದೆ. ಮೂಲೆಗಳೂ ಒಂದೇ ಥರ ಇರುವುದಿಲ್ಲ. ಕಾಗದ ಗಾಜಿಗಿಂತ ಸ್ವಲ್ಪ ಚಿಕ್ಕದಿದ್ದರೆ ಒಂದು ಬದಿಯಲ್ಲಿ ಮುಚ್ಚಳದ ಬಿಳಿ ಇಣುಕುತ್ತದೆ.

ಇಲ್ಲಿ ನಾನು ಕೆಲಸವನ್ನು ಎರಡಾಗಿ ಒಡೆದೆ. ಅಂಚು ಎಲ್ಲಿದೆ ಎಂದು ಹುಡುಕುವುದು ಒಂದು ಕೆಲಸ, ಕತ್ತರಿಸುವುದು ಇನ್ನೊಂದು. ಟ್ರಿಮ್ ಎರಡನ್ನೂ ಒಟ್ಟಿಗೆ ಮಾಡುತ್ತದೆ, ಆದರೆ ಒಟ್ಟಿಗೇ ಮಾಡಿಸಬೇಕು ಅಂತೇನೂ ಇಲ್ಲ. ಹುಡುಕಲು ಚಿತ್ರವನ್ನು ಎಷ್ಟು ಬೇಕಾದರೂ ಕೆಡಿಸಬಹುದು. ಆ ಕೆಡಿಸಿದ ಚಿತ್ರ ಮೆಮೊರಿಯಲ್ಲಷ್ಟೇ ಇದ್ದು ಹೋಗುತ್ತದೆ. ನಮಗೆ ಬೇಕಾದದ್ದು ನಾಲ್ಕು ಸಂಖ್ಯೆ. ಆ ಸಂಖ್ಯೆ ಹಿಡಿದು ಮೂಲ ಫೈಲ್‌ನಿಂದ ಕತ್ತರಿಸಿದರಾಯಿತು.

ಹುಡುಕುವ ಕಮಾಂಡ್‌ನಲ್ಲಿ ನಾನು ಮಾಡಿದ್ದು ಇಷ್ಟು. ಮೊದಲು ‘ಶೇವ್’ ಆಯ್ಕೆಯಿಂದ ನಾಲ್ಕೂ ಬದಿಯಲ್ಲಿ 40 ಪಿಕ್ಸೆಲ್ ಕಣ್ಣುಮುಚ್ಚಿ ತೆಗೆದೆ. ಇಣುಕುವ ಬಿಳಿ ಗೆರೆ, ಗಾಜಿನ ತುದಿಯ ನೆರಳು ಎಲ್ಲ ಹೋಯಿತು. ಆಮೇಲೆ ‘ಬ್ಲರ್’ 0×5 ಕೊಟ್ಟು ಮಸುಕು ಮಾಡಿದೆ. ನಾಲ್ಕು ಪಿಕ್ಸೆಲ್ ಅಗಲದ ಧೂಳಿನ ಚುಕ್ಕೆಯ ಹೊಳಪು ಇದರಿಂದ ಸುಮಾರು ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಫಜ್ 20 ಇದ್ದಾಗ ಅದು ಟ್ರಿಮ್‌ನ ಕಣ್ಣಿಗೇ ಬೀಳುವುದಿಲ್ಲ. ಕೂದಲೆಳೆ ಬಿದ್ದಿದ್ದರೆ ಮಾತ್ರ ಇದು ಸಾಲದು, ಗಾಜನ್ನೇ ಒರೆಸಬೇಕು. ಮೂರನೆಯದು, ‘ಬಾರ್ಡರ್‌ಕಲರ್’ ಕಪ್ಪು ಎಂದು ಹೇಳಿ ‘ಬಾರ್ಡರ್’ ಆಯ್ಕೆಯಿಂದ ಸುತ್ತಲೂ 1 ಪಿಕ್ಸೆಲ್‌ನ ಚೌಕಟ್ಟು ಹಾಕಿದೆ. ಕತ್ತರಿಸುವ ಮೊದಲು ಹೊಸ ಅಂಚು ಹಾಕುವುದು ವಿಚಿತ್ರ ಅನ್ನಿಸಬಹುದು. ಆದರೆ ಈಗ ನಾಲ್ಕೂ ಮೂಲೆಯ ಬಣ್ಣ ನಾನು ಹೇಳಿದ್ದೇ ಆಗಿರುತ್ತದೆ. ಟ್ರಿಮ್‌ಗೆ ಯಾವ ಬಣ್ಣ ತೆಗೆಯಬೇಕು ಎಂದು ಊಹಿಸುವ ಕೆಲಸವಿಲ್ಲ. ಕೊನೆಗೆ ಫಜ್, ಆಮೇಲೆ %@.

ಬರುವ ಸಂಖ್ಯೆಗಳನ್ನು ಹಾಗೇ ಬಳಸಬಾರದು, ಲೆಕ್ಕ ಸರಿಮಾಡಬೇಕು. 40 ಪಿಕ್ಸೆಲ್ ತೆಗೆದು 1 ಸೇರಿಸಿದ್ದರಿಂದ ಎಡದ ಮತ್ತು ಮೇಲಿನ ಸಂಖ್ಯೆಗೆ ತಲಾ 39 ಕೂಡಿಸಬೇಕು. ಮಸುಕು ಮಾಡಿದಾಗ ಫೋಟೋದ ಬಿಳಿ ಅಂಚು ಹೊರಗೆ ಹರಡುತ್ತದೆ. ಮೇಲೆ ಹೇಳಿದ ಅಳತೆಗಳಲ್ಲಿ ಅದು ಪ್ರತಿ ಬದಿಗೆ ಸುಮಾರು 4 ಪಿಕ್ಸೆಲ್. ಅದಕ್ಕೆ ಇನ್ನೆರಡು ಸೇರಿಸಿ, ಪ್ರತಿ ಬದಿಯಿಂದ 6 ಪಿಕ್ಸೆಲ್ ಒಳಗೆ ಬಂದೆ. 600 ಡಿಪಿಐನಲ್ಲಿ 6 ಪಿಕ್ಸೆಲ್ ಅಂದರೆ ಕಾಲು ಮಿಲಿಮೀಟರ್. ಯಾರಿಗೂ ಗೊತ್ತಾಗುವುದಿಲ್ಲ, ಕಪ್ಪು ಗೆರೆಯೂ ಉಳಿಯುವುದಿಲ್ಲ.

ಇಡೀ ಫೋಲ್ಡರ್‌ಗೆ ಇದನ್ನು ಓಡಿಸಿದಾಗ ಒಂದು ಚಿತ್ರವನ್ನೂ ಕತ್ತರಿಸಲಿಲ್ಲ. ಫೈಲ್ ಹೆಸರು ಮತ್ತು ನಾಲ್ಕು ಸಂಖ್ಯೆ, ಇಷ್ಟನ್ನು ಒಂದು ಪಠ್ಯ ಫೈಲ್‌ಗೆ ಬರೆಸಿ, ಸ್ಪ್ರೆಡ್‌ಶೀಟ್‌ನಲ್ಲಿ ತೆರೆದು ಅಗಲದ ಪ್ರಕಾರ ಜೋಡಿಸಿದೆ. ನನಗೆ ಇದು ಬಹಳ ಇಷ್ಟವಾದ ಹಂತ. ಒಂದೇ ಕಾಲದ ಪ್ರಿಂಟ್‌ಗಳು ಒಂದೆರಡು ಅಳತೆಗಳಲ್ಲೇ ಇರುತ್ತವೆ. 4×6 ಇಂಚಿನದು 600 ಡಿಪಿಐನಲ್ಲಿ 2400×3600ರ ಆಸುಪಾಸಿನಲ್ಲೇ ಬರಬೇಕು. ಸ್ಪ್ರೆಡ್‌ಶೀಟ್‌ನಲ್ಲಿ ಹಾಗೆ ಬಂದ ಗುಂಪು ಒಂದು ಕಡೆ ನಿಲ್ಲುತ್ತದೆ, ತಪ್ಪಾದವು ಮೇಲಿನ ತುದಿಗೋ ಕೆಳಗಿನ ತುದಿಗೋ ಹೋಗಿ ಸೇರುತ್ತವೆ. ಪೂರ್ತಿ ಗಾಜಿನ ಅಳತೆ ಬಂದಿದ್ದರೆ ಧೂಳೋ ಬೆಳಕೋ ಅಡ್ಡ ಬಂದಿದೆ. ತೀರಾ ಚಿಕ್ಕದಿದ್ದರೆ ಫೋಟೋ ಒಳಗೇ ಕತ್ತರಿ ಹೋಗಿದೆ. ಏನೂ ಇಲ್ಲದ ಖಾಲಿ ಸ್ಕ್ಯಾನ್ ಸೇರಿಕೊಂಡಿದ್ದರೆ ಅಳತೆಯ ಒಳಗೆ ಚಿತ್ರವೇ ಇಲ್ಲ ಎಂದು ಎಚ್ಚರಿಕೆಯ ಸಾಲು ಬರುತ್ತದೆ. ಕಣ್ಣಾರೆ ನೋಡಬೇಕಾದದ್ದು ಈ ಎರಡು ತುದಿಗಳನ್ನು ಮಾತ್ರ.

ಓರೆಯಾಗಿ ಕೂತ ಫೋಟೋಗಳ ಅಳತೆ ಗುಂಪಿಗಿಂತ ಸ್ವಲ್ಪ ದೊಡ್ಡದಾಗಿ ಬರುತ್ತದೆ. ‘ಡಿಸ್ಕ್ಯೂ’ ಎಂಬ ಆಯ್ಕೆ ಓರೆಯನ್ನು ತಾನೇ ಹುಡುಕಿ ನೇರ ಮಾಡುತ್ತದೆ. ಪುಸ್ತಕದ ಪುಟಕ್ಕೆ 40 ಶೇಕಡಾ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ, ಸಾಲುಗಳು ಸಿಗುತ್ತವಲ್ಲ. ಫೋಟೋಗಳಲ್ಲಿ ನಂಬುವಂತಿಲ್ಲ. ಆ ಕೆಲವನ್ನು ನಾನು ಕೈಯಿಂದಲೇ ತಿರುಗಿಸಿದೆ. ಒಂದೇ ಗಾಜಿನ ಮೇಲೆ ಎರಡು ಮೂರು ಫೋಟೋ ಇಟ್ಟು ಸ್ಕ್ಯಾನ್ ಮಾಡಿದ್ದರೆ ಟ್ರಿಮ್ ಎಲ್ಲವನ್ನೂ ಸೇರಿಸಿ ಒಂದೇ ಚೌಕ ಕೊಡುತ್ತದೆ. ಅದನ್ನು ಬಿಡಿಸುವುದು ಬೇರೆಯದೇ ಕೆಲಸ.

ಇನ್ನು ಕತ್ತರಿಸುವುದು. ಟಿಫ್ ಅಥವಾ ಪಿಎನ್‌ಜಿ ಆಗಿದ್ದರೆ ಮ್ಯಾಜಿಕ್‌ನ ‘ಕ್ರಾಪ್’ ಆಯ್ಕೆಗೆ ಆ ಸಂಖ್ಯೆ ಕೊಟ್ಟು, ಕೊನೆಗೆ ರೀಪೇಜ್ ಸೇರಿಸಿ ಬೇರೆ ಫೋಲ್ಡರ್‌ಗೆ ಬರೆಸಿದರೆ ಮುಗಿಯಿತು. ‘ಮಾಗ್ರಿಫೈ’ ಎಂಬ ಕಮಾಂಡ್ ಇಡೀ ಫೋಲ್ಡರ್ ಅನ್ನು ಒಂದೇ ಏಟಿಗೆ ಮುಗಿಸುತ್ತದೆ, ಆದರೆ ‘ಪಾತ್’ ಆಯ್ಕೆಯಲ್ಲಿ ಬೇರೆ ಜಾಗ ತೋರಿಸದಿದ್ದರೆ ಮೂಲ ಫೈಲ್ ಮೇಲೇ ಬರೆಯುತ್ತದೆ. ಹೇಗೂ ಇಲ್ಲಿ ಪ್ರತಿ ಫೈಲ್‌ಗೂ ಸಂಖ್ಯೆ ಬೇರೆ ಬೇರೆ, ಹಾಗಾಗಿ ಅದರ ಗೊಡವೆಗೆ ಹೋಗಲಿಲ್ಲ.

ಜೆಪೆಗ್ ಫೈಲ್‌ಗಳನ್ನು ಇಮೇಜ್‌ಮ್ಯಾಜಿಕ್‌ನಲ್ಲಿ ಕತ್ತರಿಸಲಿಲ್ಲ. ಅದು ಚಿತ್ರವನ್ನು ಬಿಚ್ಚಿ ಮತ್ತೆ ಕುಗ್ಗಿಸುತ್ತದೆ, ಪ್ರತಿ ಸಲ ಗುಣಮಟ್ಟ ಸ್ವಲ್ಪ ಹೋಗುತ್ತದೆ. ‘ಜೆಪೆಗ್‌ಟ್ರಾನ್’ ಎಂಬ ಪುಟ್ಟ ಕಮಾಂಡ್ ಬಿಚ್ಚದೆಯೇ ಕತ್ತರಿಸುತ್ತದೆ. ಅದರ ‘ಕ್ರಾಪ್’ ಆಯ್ಕೆಗೂ ಇದೇ ನಾಲ್ಕು ಸಂಖ್ಯೆ, ಇದೇ ಕ್ರಮ. ‘ಕಾಪಿ ಆಲ್’ ಎಂದು ಸೇರಿಸಿದರೆ ಫೈಲ್‌ನ ಉಳಿದ ಮಾಹಿತಿಯೂ ಜೊತೆಗೆ ಬರುತ್ತದೆ. ಒಂದೇ ನಿರ್ಬಂಧ ಏನೆಂದರೆ, ಮೇಲಿನ ಎಡ ಮೂಲೆ 8 ಅಥವಾ 16 ಪಿಕ್ಸೆಲ್‌ನ ತುಂಡಿನ ಗಡಿಯಲ್ಲೇ ಇರಬೇಕು. ಇಲ್ಲದಿದ್ದರೆ ಅದೇ ಆ ಮೂಲೆಯನ್ನು ಹಿಂದಿನ ಗಡಿಗೆ ಎಳೆದುಕೊಳ್ಳುತ್ತದೆ. ಆಗ ಎಡಕ್ಕೂ ಮೇಲಕ್ಕೂ ಕೆಲವು ಪಿಕ್ಸೆಲ್ ಕಪ್ಪು ಉಳಿಯಬಹುದು. ಆ ಎರಡು ಸಂಖ್ಯೆಗಳನ್ನು ಮುಂದಿನ 16ರ ಗುಣಕಕ್ಕೆ ಏರಿಸಿ, ಏರಿಸಿದಷ್ಟನ್ನು ಅಗಲ ಮತ್ತು ಎತ್ತರದಿಂದ ಕಳೆಯುವ ಸೂತ್ರವನ್ನು ಸ್ಪ್ರೆಡ್‌ಶೀಟ್‌ನಲ್ಲೇ ಹಾಕಿಬಿಟ್ಟೆ. ಅದೇ ಸ್ಪ್ರೆಡ್‌ಶೀಟ್‌ನ ಕೊನೆಯ ಕಾಲಂನಲ್ಲಿ ಪೂರ್ತಿ ಕಮಾಂಡ್ ಸಾಲು ತಯಾರಾಗುವಂತೆ ಮಾಡಿ, ಕಾಲಂ ನಕಲು ಮಾಡಿ ಟರ್ಮಿನಲ್‌ಗೆ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಗೆ, ಅಂಟಿಸಿದೆ.