ಹದಿನಾಲ್ಕೂವರೆ ಸುತ್ತು

ನಗರಸಭೆಯ ನೀರು ಸರಬರಾಜು ವಿಭಾಗಕ್ಕೆ ಬಂದ ಮೊದಲ ವಾರವೇ ನಾನು ಊರಿನ ಪೈಪ್‌ಲೈನ್ ನಕ್ಷೆ ಕೇಳಿದೆ. ಮಡಿಕೆಯಲ್ಲೇ ಹರಿದುಹೋಗಿದ್ದ ಒಂದು ಟ್ರೇಸಿಂಗ್ ಹಾಳೆ ಸಿಕ್ಕಿತು. ಅದರಲ್ಲಿದ್ದ ಎಷ್ಟೋ ವಾಲ್ವ್‌ಗಳು ಡಾಂಬರಿನಡಿ ಮುಚ್ಚಿಹೋಗಿದ್ದವು. "ಅಜ್ಜನ್ನ ಕೇಳಿ ಸಾರ್" ಅಂದರು ಗುಮಾಸ್ತರು.

ಅಜ್ಜ ಅಂದರೆ ನಮ್ಮ ಹಿರಿಯ ವಾಲ್ವ್‌ಮನ್. ನಾಲ್ಕು ದಿನಕ್ಕೊಮ್ಮೆ ನೀರು ಬರುವ ಊರು ನಮ್ಮದು. ಯಾವ ಬೀದಿಗೆ ಯಾವ ವಾಲ್ವ್, ಎಷ್ಟು ಸುತ್ತು, ಎಲ್ಲ ಅವರ ಬಾಯಲ್ಲಿತ್ತು. "ಕೆಳಗಿನ ಬೀದಿದು 14½ ಸುತ್ತು ಸಾರ್. ಅದರ ಮೇಲೆ ಬಿಟ್ರೆ ದಿಬ್ಬದ ಮನೆಗಳಿಗೆ ಒಂದು ಕೊಡವೂ ಏರಲ್ಲ."

ಆಮೇಲೆ ಯೋಜನೆಯೊಂದರಲ್ಲಿ 8 ಟ್ಯಾಂಕ್‌ಗಳಿಗೆ ನೀರಿನ ಹರಿವು ಅಳೆಯುವ ಫ್ಲೋ ಮೀಟರ್, ಮಟ್ಟ ಅಳೆಯುವ ಸೆನ್ಸರ್, ಕಚೇರಿ ಗೋಡೆಗೆ ದೊಡ್ಡ ಪರದೆ, ವಾಲ್ವ್‌ಮನ್‌ಗಳಿಗೊಂದು ಆ್ಯಪ್ ಬಂದವು. ವಾಲ್ವ್ ತೆರೆದಾಗ ಒಂದು ಫೋಟೊ, ಮುಚ್ಚಿದಾಗ ಇನ್ನೊಂದು, ಜೊತೆಗೆ ಲೊಕೇಶನ್. ನನಗೆ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ. ಎರಡೇ ವಾರಕ್ಕೆ ಆ್ಯಪ್ ಮಲಗಿತು. ಫೋನ್ ಅವರದೇ, ರೀಚಾರ್ಜ್ ಅವರದೇ. ಬೆಳಗಿನ ಜಾವ 3 ಗಂಟೆಗೆ ತೆಗೆದ ಫೋಟೊದಲ್ಲಿ ಕತ್ತಲೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಒಬ್ಬರಂತೂ ಸಂಜೆ ಮನೆಯಲ್ಲಿ ಕೂತು ಮಗಳ ಕೈಲಿ ಇಡೀ ದಿನದ್ದನ್ನು ಒಟ್ಟಿಗೆ ತುಂಬಿಸುತ್ತಿದ್ದರು. ಪರದೆಯಲ್ಲಿ ಆ ವಾರ್ಡಿನ ಅಷ್ಟೂ ವಾಲ್ವ್ ಅವರ ಅಡುಗೆಮನೆಯಲ್ಲಿದ್ದವು. ಬೈಯಲು ಕರೆಸಿದಾಗ ನಿಜ ಹೊರಬಿತ್ತು. "ಇದು ನೀರಿನ ಲೆಕ್ಕನೋ, ನಮ್ಮ ಹಾಜರಿನೋ ಸಾರ್?" ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಯಾಕೆಂದರೆ ಮೇಲಿನವರು ಅದನ್ನು ಹಾಜರಿಗೇ ಬಳಸಲು ಹೊರಟಿದ್ದರು.

ಮೀಟರಿನ ಕತೆ ಬೇರೆ. 3ನೇ ಟ್ಯಾಂಕಿನದು ಹುಚ್ಚುಹುಚ್ಚಾಗಿ ಲೆಕ್ಕ ಕೊಡುತ್ತಿತ್ತು. ನೀರು ಬಿಡದ ರಾತ್ರಿಯೂ ಹರಿವು ತೋರಿಸುತ್ತಿತ್ತು. ಸಾಫ್ಟ್‌ವೇರ್‌ನವರು ಒಂದು ತಿಂಗಳು ತಮ್ಮ ಕಡೆ ಹುಡುಕಿದರು. ಅಜ್ಜ ವಾಲ್ವ್ ತಿರುಗಿಸುವ ರಾಡಿನ ಒಂದು ತುದಿಯನ್ನು ಪೈಪಿಗೆ, ಇನ್ನೊಂದನ್ನು ಕಿವಿಗೆ ಹಚ್ಚಿ, "ಪೈಪು ತುಂಬಿಲ್ಲ ಸಾರ್, ಗಾಳಿ ಗೊಳಗೊಳ ಅಂತಿದೆ" ಅಂದರು. ಇಂಥ ವಿದ್ಯುತ್ಕಾಂತೀಯ ಮೀಟರಿಗೆ ಪೈಪ್ ಪೂರ್ತಿ ತುಂಬಿರಬೇಕು, ನೀರು ಬರುವ ಕಡೆ ಒಂದಿಷ್ಟು ನೇರ ಪೈಪೂ ಬೇಕು. ಸಾಮಾನ್ಯವಾಗಿ ವ್ಯಾಸದ 5 ಪಟ್ಟು, ಅಂದರೆ ನಮ್ಮ 300 ಮಿ.ಮೀ. ಪೈಪಿಗೆ ಒಂದೂವರೆ ಮೀಟರ್. ನಮ್ಮದನ್ನು ಬೆಂಡಿಗೆ ಅಂಟಿಸಿದಂತೆ ಕೂರಿಸಿದ್ದರು. ಅಗೆದು, ಸದಾ ತುಂಬಿರುವ ತಗ್ಗಿನ ನೇರ ತುಂಡಿಗೆ ಬದಲಾಯಿಸಿದೆವು. ಆಮೇಲೆ ನಮ್ಮ ನಾಟಿ ಪರೀಕ್ಷೆ: ಟ್ಯಾಂಕಿನ ಒಳವ್ಯಾಸ 12 ಮೀಟರ್, ಒಳಹರಿವು ಮುಚ್ಚಿ ನೀರು ಬಿಟ್ಟು ಮಟ್ಟ 1 ಮೀಟರ್ ಇಳಿದರೆ 1.13 ಲಕ್ಷ ಲೀಟರ್ ಹೊರಗೆ ಹೋಗಿರಬೇಕು. ಮೀಟರ್ ಹೆಚ್ಚುಕಡಿಮೆ ಅದನ್ನೇ ತೋರಿಸಿದ ದಿನ ಅಜ್ಜ ಮೊದಲ ಸಲ ಪರದೆ ನೋಡಲು ಕಚೇರಿಗೆ ಬಂದರು.

ಮನೆ ಮನೆಗೆ ಮೀಟರ್ ಹಾಕುವ ಮಾತು ಬಂದಾಗಲೂ ಇದೇ ಗಾಳಿ ಕಾಡಿತು. ನೀರು ಬರುವ ಮುಂಚೆ ಪೈಪಿನ ಗಾಳಿ ನುಗ್ಗಿ ಮುಳ್ಳು ತಿರುಗುತ್ತದೆ. "ಗಾಳಿಗೂ ಬಿಲ್ಲಾ?" ಎಂಬ ಜನರ ಪ್ರಶ್ನೆ ನ್ಯಾಯವಾದದ್ದೇ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡ್‌ಗಳಲ್ಲಿ 2008ರಲ್ಲಿ 24 ಗಂಟೆ ನೀರು ಶುರುವಾದಾಗ ಮೀಟರೂ ಜೊತೆಗೇ ಬಂತು. ಅಲ್ಲಿ ಪೈಪು ಸದಾ ತುಂಬಿರುತ್ತದೆ. ನಾಲ್ಕು ದಿನಕ್ಕೊಮ್ಮೆ ಬಿಡುವ ನಾವು ಆ ಮೀಟರನ್ನಷ್ಟೇ ತಂದಿಟ್ಟರೆ ಜಗಳವೇ ಸರಿ. ನಾವು ಆ ಪ್ರಸ್ತಾಪ ಕೈಬಿಟ್ಟೆವು.

ವಾಲ್ವ್‌ಮನ್‌ಗಳ ಮನಸ್ಸು ತಿರುಗಿದ್ದು ಒಂದು ಜಗಳದಿಂದ. ದಿಬ್ಬದ ಬೀದಿಗೆ ನೀರು ಬರಲಿಲ್ಲವೆಂದು ಮೆಂಬರ್ರು ಹತ್ತು ಜನರನ್ನು ಕಟ್ಟಿಕೊಂಡು ಬಂದು, ಅಜ್ಜ ದುಡ್ಡು ತಿಂದು ಬೇರೆ ಕಡೆ ಬಿಟ್ಟಿದ್ದಾರೆ ಅಂದರು. ನಾನು ಗ್ರಾಫ್ ತೆಗೆದು ಪ್ರಿಂಟ್ ಕೊಟ್ಟೆ. ರಾತ್ರಿ ನೀರೆತ್ತುವ ಜಾಕ್‌ವೆಲ್‌ನಲ್ಲಿ ಕರೆಂಟ್ ಹೋಗಿ ಟ್ಯಾಂಕ್ ಅರ್ಧವೂ ತುಂಬಿರಲಿಲ್ಲ. ಅಜ್ಜ ವಾಲ್ವ್ ತೆರೆದದ್ದು ಎಂದಿನ ಸಮಯಕ್ಕೇ. ಮೆಂಬರ್ರು ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, ವಿದ್ಯುತ್ ಕಚೇರಿ ಕಡೆ ಹೊರಟರು. ಅಜ್ಜ ಆ ಹಾಳೆಯನ್ನು ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು. ಮಾರನೇ ದಿನ ಇನ್ನಿಬ್ಬರು ಬಂದು, "ನಮ್ಮ ಟ್ಯಾಂಕಿಂದೂ ಹಂಗೆ ಬರುತ್ತಾ ಸಾರ್?" ಎಂದು ಕೇಳಿದರು.

ಅದೇ ಬಿಸಿಯಲ್ಲಿ ಆ್ಯಪ್ ಬದಿಗಿಟ್ಟೆವು. ಕಚೇರಿಯಿಂದಲೇ ಸಿಮ್, ಕಚೇರಿಯಿಂದಲೇ ರೀಚಾರ್ಜ್. ತೆರೆದಾಗ ಒಂದು ನಂಬರಿಗೆ ಮಿಸ್ಡ್ ಕಾಲ್, ಮುಚ್ಚಿದಾಗ ಇನ್ನೊಂದಕ್ಕೆ. ಆ ಬೀದಿಯವರಿಗೆ ಮೆಸೇಜ್ ಹೋಗುತ್ತದೆ. ಫೋಟೊ ಇಲ್ಲ, ಲೊಕೇಶನ್ ಇಲ್ಲ. ಇದೇನು ನನ್ನ ತಲೆಯಿಂದ ಉದುರಿದ್ದಲ್ಲ. ವಾಲ್ವ್‌ಮನ್ ತಿಳಿಸಿದರೆ ಮನೆಗಳಿಗೆ ಎಸ್‌ಎಂಎಸ್ ಹೋಗುವ ಪ್ರಯೋಗ ಹುಬ್ಬಳ್ಳಿಯಲ್ಲಿ ದಶಕಕ್ಕೂ ಹಿಂದೆಯೇ ನಡೆದಿತ್ತು. "ನೀರು ಯಾವಾಗ್ರೀ?" ಎಂಬ ಫೋನುಗಳು ಕಡಿಮೆಯಾದವು. ಹಗಲು ನಿದ್ದೆ ಸಿಗುತ್ತಿದೆ ಅಂತ ಅಜ್ಜನೇ ಉಳಿದವರಿಗೆ ಹೇಳಿಕೊಂಡು ಬಂದರು. ನನ್ನ ತರಬೇತಿ ಶಿಬಿರಕ್ಕಿಂತ ಆ ಮಾತು ಹೆಚ್ಚು ಕೆಲಸ ಮಾಡಿತು.

ಎಲ್ಲ ಸುಸೂತ್ರ ಅಂದುಕೊಳ್ಳಬೇಡಿ. ಎರಡು ಸೆನ್ಸರ್ ಸಿಡಿಲಿಗೆ ಹೋದವು. ನಿರ್ವಹಣೆಯ ಗುತ್ತಿಗೆ ಮುಗಿದು ಹೊಸ ಟೆಂಡರ್ ಆಗುವ ಹೊತ್ತಿಗೆ ಇನ್ನು ಮೂರು ಕೆಟ್ಟವು. ಪಾಸ್‌ವರ್ಡ್ ಗೊತ್ತಿದ್ದ ಒಬ್ಬರೇ ಎಂಜಿನಿಯರಿಗೆ ವರ್ಗವಾಗಿ, ಮೂರು ತಿಂಗಳು ಪರದೆಗೆ ಬಟ್ಟೆ ಹೊದಿಸಿದ್ದೆವು. ಈಗ 8ರಲ್ಲಿ 3 ಮೀಟರ್ ನಂಬಿಕೆಗೆ ಅರ್ಹ. ಆ ಮೂರೂ, ಕೆಟ್ಟ ದಿನವೇ ವಾಲ್ವ್‌ಮನ್‌ಗಳು ಫೋನ್ ಮಾಡಿ ರಿಪೇರಿ ಮಾಡಿಸಿಕೊಂಡಂಥವು.

ಕಳೆದ ವರ್ಷ ಅಜ್ಜ ನಿವೃತ್ತರಾದರು. ಅದಕ್ಕೆ ಮುಂಚೆ ಒಂದು ವಾರ ಅವರ ಹಿಂದೆಯೇ ತಿರುಗಿ ಪ್ರತಿ ವಾಲ್ವಿನ ಜಾಗ, ಸುತ್ತು ಎಲ್ಲ ಕಂಪ್ಯೂಟರ್ ನಕ್ಷೆಗೆ ಏರಿಸಿದೆವು. ಕೆಳಗಿನ ಬೀದಿಯ ವಾಲ್ವಿಗೆ ಬಂದಾಗ ಹೊಸ ಹುಡುಗ 14½ ಅಂತ ಹಾಕಿದ, ತೆಗೆದುಕೊಳ್ಳಲಿಲ್ಲ. 14.5 ಹಾಕಿದ, ಅದೂ ಇಲ್ಲ, ಆ ಕಾಲಂ ಪೂರ್ಣ ಸಂಖ್ಯೆ ಮಾತ್ರ ಒಪ್ಪುತ್ತದಂತೆ. "15 ಹಾಕ್ಲಾ ಅಜ್ಜ?" ಅಂದ. ಅಜ್ಜ ಅವನನ್ನು ಒಂದು ಗಳಿಗೆ ನೋಡಿ, ಮೇಲೆ ದಿಬ್ಬದ ಮನೆಗಳ ಕಡೆ ಕೈ ತೋರಿಸಿದರು. ಕೊನೆಗೆ 14 ಎಂದು ಹಾಕಿ, ಷರಾ ಕಾಲಂನಲ್ಲಿ "ಮೇಲೆ ಅರ್ಧ" ಎಂದು ಬರೆದೆವು.