ಹಳೆಯ ಪಿಯಾನೊ ಕ್ಯಾಸೆಟ್ಟಿನಿಂದ ಸ್ವರಗಳ ಫೈಲ್ ಮಾಡುವುದು ಹೇಗೆ?

ಹೋದ ಮಳೆಗಾಲದಲ್ಲಿ ಧಾರವಾಡದ ನಮ್ಮ ಕೀಬೋರ್ಡ್ ಕ್ಲಾಸಿಗೆ ಹುಡುಗಿಯೊಬ್ಬಳು ಕ್ಯಾಸೆಟ್ ತಂದಳು. “ಸರ, ನಮ್ಮ ಅಜ್ಜಾ ಪಿಯಾನೊ ನುಡಿಸಿದ್ದು ಐತ್ರಿ ಇದರಾಗ. ನಾನೂ ಕಲೀಬೇಕ್ರಿ. ಆದ್ರ ಯಾರೂ ಬರದಿಟ್ಟಿಲ್ಲ.” ಅಜ್ಜ ಈಗಿಲ್ಲ. ಮೊದಲಾದರೆ ನೂರು ಸಲ ತಿರುಗಿಸಿ ಕೇಳಿ ಬರೆಯಬೇಕಿತ್ತು. ಈಗ ಅರ್ಧ ಕೆಲಸ ಕಂಪ್ಯೂಟರ್ ಮಾಡುತ್ತದೆ. ಇನ್ನರ್ಧಕ್ಕೆ ನಮ್ಮ ಕಿವಿಯೇ ಬೇಕು.

ನಮಗೆ ಕೊನೆಗೆ ಬೇಕಿರುವುದು ಮಿಡಿ ಫೈಲ್. ಮಿಡಿ ಎಂಬ ಪದ್ಧತಿ 1983ರಲ್ಲಿ ಬಂತು. ಈ ಫೈಲಿನಲ್ಲಿ ಶಬ್ದ ಇರುವುದೇ ಇಲ್ಲ. ಯಾವ ಕೀ ಒತ್ತಿದರು, ಯಾವಾಗ, ಎಷ್ಟು ಜೋರಾಗಿ, ಯಾವಾಗ ಬಿಟ್ಟರು ಎಂಬ ಲೆಕ್ಕ ಮಾತ್ರ. ಪಿಯಾನೊದ 88 ಕೀಗಳಿಗೆ 21ರಿಂದ 108ರವರೆಗೆ ನಂಬರ್ ಇವೆ. ಹಾಗಾಗಿ ತಪ್ಪು ಸ್ವರವನ್ನು ಎಳೆದು ಸರಿಯಾದ ಜಾಗಕ್ಕೆ ಇಡಬಹುದು. ಶ್ರುತಿ ಏರಿಸಬಹುದು. ಲಯ ಇಳಿಸಿ ಅಭ್ಯಾಸ ಮಾಡಬಹುದು.

ಮೊದಲು ರೆಕಾರ್ಡಿಂಗ್ ಸರಿ ಮಾಡಿ

ಇಲ್ಲಿ ಆತುರ ಬೇಡ. ಟೇಪಿನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ವೈರ್ ಹಾಕಿ, ಉಚಿತವಾಗಿ ಸಿಗುವ ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ತುಂಬಿಸಿಕೊಳ್ಳಿ. ವೇವ್ ಫೈಲಾಗಿ ಉಳಿಸಿ.

ಆಮೇಲೆ ಶ್ರುತಿ ನೋಡಿ. ಹಳೇ ಟೇಪ್ ಹೇಳಿದ ವೇಗದಲ್ಲಿ ಓಡುವುದಿಲ್ಲ. ವೇಗ ಶೇ 6ರಷ್ಟು ತಪ್ಪಿದರೆ ಎಲ್ಲ ಸ್ವರಗಳೂ ಒಂದು ಕೀ ಆಚೀಚೆ ಆಗುತ್ತವೆ. ಶೇ 3ರಷ್ಟು ತಪ್ಪಿದರೆ ಇನ್ನೂ ಕಷ್ಟ, ಸ್ವರ ಎರಡು ಕೀಗಳ ನಡುವೆ ಸಿಕ್ಕಿಕೊಳ್ಳುತ್ತದೆ. ನಮ್ಮ ಮೊದಲ ಪ್ರಯತ್ನ ಹಾಳಾಗಿದ್ದು ಇದರಿಂದಲೇ. ಒಂದೇ ಸ್ವರ ಒಮ್ಮೆ ಈ ಕೀಗೆ, ಒಮ್ಮೆ ಪಕ್ಕದ ಕೀಗೆ ಹಾರುತ್ತಿತ್ತು. ಉದ್ದಕ್ಕೆ ನಿಂತ ಒಂದು ಸ್ವರ ಆರಿಸಿಕೊಳ್ಳಿ. ಶ್ರುತಿ ತೋರಿಸುವ ಟ್ಯೂನರ್ ಆಪಿನ ಮುಳ್ಳು ನಟ್ಟನಡುವೆ ನಿಲ್ಲುವವರೆಗೆ ಆಡಾಸಿಟಿಯಲ್ಲಿ ವೇಗ ಬದಲಿಸಿ.

ಹೊಸದಾಗಿ ಮೊಬೈಲಿನಲ್ಲಿ ರೆಕಾರ್ಡ್ ಮಾಡುವವರು ಫ್ಯಾನ್ ಆರಿಸಿ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಸುಮ್ನೆ ಕಾಯುವುದೇ ಒಳ್ಳೆಯದು. ವಾಟ್ಸಾಪ್ ವಾಯ್ಸ್ ಮೆಸೇಜಾಗಿ ಕಳಿಸಬೇಡಿ, ದನಿ ಹಿಂಡಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಯಾವ ಸಾಫ್ಟ್‌ವೇರ್?

ದನಿಯನ್ನು ಮಿಡಿ ಮಾಡಲು ಸುಲಭದ್ದು ಸ್ಪಾಟಿಫೈನವರ ಬೇಸಿಕ್ ಪಿಚ್. 2022ರಲ್ಲಿ ಬಂದದ್ದು, ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ. ಫೈಲ್ ಹಾಕಿ, ಮಿಡಿ ಇಳಿಸಿಕೊಳ್ಳಿ. ಬೇರೆ ವಾದ್ಯಗಳಿಗೂ ಆಗುವುದರಿಂದ ಹಾರ್ಮೋನಿಯಂ ಇರುವವರೂ ಇದನ್ನೇ ನೋಡಬಹುದು.

ಬರೀ ಪಿಯಾನೊಗೆ ನನಗೆ ಹೆಚ್ಚು ಇಷ್ಟವಾದದ್ದು ಬೈಟ್‌ಡಾನ್ಸ್‌ನವರ ಪಿಯಾನೊ ಟ್ರಾನ್ಸ್‌ಕ್ರಿಪ್ಷನ್. ಪೆಡಲ್ ಒತ್ತಿದ್ದನ್ನೂ ಗುರುತಿಸುತ್ತದೆ. ಆದರೆ ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರ ಸಹಾಯ ಬೇಕು. ಇದು ಕಲಿತದ್ದು ಸುಮಾರು 200 ಗಂಟೆಗಳ ಪಿಯಾನೊ ವಾದನದಿಂದ. ಆ ಪಿಯಾನೊಗಳು ಒತ್ತಿದ ಪ್ರತಿ ಕೀಯನ್ನೂ ದಾಖಲಿಸಿಕೊಳ್ಳುವಂಥವು. ಗುರುಗಳ ಎದುರು ಕೂತು ದನಿಯನ್ನೂ ಬೆರಳನ್ನೂ ಒಟ್ಟಿಗೆ ನೋಡಿ ಕಲಿತ ಹಾಗೆ.

ಹಾಡಿಗೆ ಮಾತ್ರ ಇದನ್ನು ನೆಚ್ಚಬೇಡಿ. ಮಲ್ಲಿಕಾರ್ಜುನ ಮನ್ಸೂರರ ಒಂದು ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವ ಎಳೆತ, ಹಾಕಿದರೆ ಅದು ತುಂಡು ತುಂಡು ಸ್ವರಗಳಾಗಿ ಬರುತ್ತದೆ.

ಈಗ ಕಿವಿಯ ಕೆಲಸ

ತಂಬೂರಿಯ ಖರ್ಜದ (ಕೆಳಗಿನ ಸಾ) ತಂತಿ ಮೀಟಿದರೆ ಗಾಂಧಾರ ತಾನಾಗಿ ಕೇಳಿಸುತ್ತದೆ ಅಲ್ವಾ? ಪಿಯಾನೊ ತಂತಿಯಲ್ಲೂ ಹಾಗೇ. ಮಧ್ಯ ಸಪ್ತಕದ ಸಾ ನುಡಿಸಿದರೆ ಒಳಗೇ ತಾರದ ಸಾ, ಪಾ ಸಣ್ಣಗೆ ಇರುತ್ತವೆ. ಕಂಪ್ಯೂಟರ್ ಕೆಲವೊಮ್ಮೆ ಅವನ್ನೂ ನುಡಿಸಿದ ಸ್ವರವೆಂದೇ ಬರೆದುಬಿಡುತ್ತದೆ. ಮಿಡಿ ಎಡಿಟರಿನಲ್ಲಿ ತೆರೆದು, ಕೆಳಗಿನ ಸ್ವರದ ಜೊತೆಗೇ ಹುಟ್ಟಿದ, ತೀರಾ ಮೆಲ್ಲಗಿನ ಮೇಲಿನ ಸ್ವರಗಳನ್ನು ಹುಡುಕಿ. ಪ್ರತಿಯೊಂದನ್ನೂ ಮೂಲದ ಜೊತೆ ಕೇಳಿಯೇ ಅಳಿಸಿ. ಕೆಲವು ನಿಜವಾಗಿಯೂ ನುಡಿಸಿದವು ಇರುತ್ತವೆ.

ಇನ್ನೊಂದು ತೊಡಕು ತಾಳದ್ದು. ಈ ಸಾಫ್ಟ್‌ವೇರ್‌ಗಳು ಸೆಕೆಂಡು ಎಣಿಸುತ್ತವೆ, ಮಾತ್ರೆ ಎಣಿಸುವುದಿಲ್ಲ. ಸಮ್, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿದೆ ಅಂತ ಅವಕ್ಕೆ ಗೊತ್ತಿಲ್ಲ. ಹಾಗೇ ಸ್ವರಲಿಪಿ ಬರೆಯುವ ಮ್ಯೂಸ್‌ಸ್ಕೋರ್‌ನಲ್ಲಿ ತೆರೆದರೆ ಪುಟದ ತುಂಬ ಚೂರುಪಾರು ಸ್ವರಗಳೇ ಕಾಣುತ್ತವೆ. ಮೊದಲು ಎಡಿಟರಿನಲ್ಲಿ ಲಯ ಹೊಂದಿಸಿ, ಮೊದಲ ಪೆಟ್ಟನ್ನು ಗೆರೆಗೆ ತಂದು, ಆಮೇಲೆ ಕ್ವಾಂಟೈಜ್ ಮಾಡಿ, ಅಂದರೆ ಪ್ರತಿ ಸ್ವರವನ್ನೂ ಲಯದ ಹತ್ತಿರದ ಗೆರೆಗೆ ಕೂರಿಸಿ. ಅದಕ್ಕೂ ಮುಂಚೆ ಒಂದು ಕಾಪಿ ತೆಗೆದಿಡಿ.

ಆ ಕಾಪಿ ನಮಗೆ ಬೇಕಾಯಿತು. ಅಜ್ಜ ಪ್ರತಿ ಸಾಲಿನ ಕೊನೆಗೆ ಎಡಗೈಯನ್ನು ತುಸು ತಡವಾಗಿ ಇಡುತ್ತಿದ್ದರು. ಕ್ವಾಂಟೈಜ್ ಅದನ್ನೂ ಒರೆಸಿಹಾಕಿತು. ಹುಡುಗಿ ಕೇಳಿದ ಕೂಡಲೇ, “ಇದು ಅಜ್ಜಾ ಅಲ್ರಿ” ಅಂದಳು. ಈಗ ಪ್ರಿಂಟಿಗೆ ಒಂದು ಫೈಲ್ ಇದೆ, ಕೇಳಲಿಕ್ಕೆ ಅದರ ಮೊದಲಿನದು ಬೇರೆ ಇದೆ.