ಕರ್ಣವನ್ನು ಎಳೆದವರು ಯಾರು: ಪ್ಲೇಟೋನ ‘ಮೆನೋ’ ಓದಿದ ನನ್ನ ಅನುಭವ

ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಚೀನ ಗ್ರೀಕ್ ತತ್ತ್ವಶಾಸ್ತ್ರದ ಸ್ನಾತಕೋತ್ತರ ತರಗತಿಗೆ ಸೇರಿದ ಹೊಸತರಲ್ಲಿ ನನಗೆ ಕೊಟ್ಟ ಪ್ರಬಂಧದ ಪ್ರಶ್ನೆ ಚಿಕ್ಕದಾಗಿತ್ತು: ಪ್ಲೇಟೋನ ‘ಮೆನೋ’ ಸಂವಾದದಲ್ಲಿ ಸಾಕ್ರಟೀಸ್ ಗುಲಾಮ ಹುಡುಗನಿಗೆ ರೇಖಾಗಣಿತದ ಪಾಠ ಹೇಳಿಕೊಡುತ್ತಾನೆಯೇ? ನಾನು ಅನುವಾದವನ್ನು ಎರಡು ಸಲ ಓದಿ, ವ್ಯಾಖ್ಯಾನಗಳಿಂದ ನಾಲ್ಕಾರು ಅಭಿಪ್ರಾಯಗಳನ್ನು ಕಲೆಹಾಕಿ, ಸಾಕ್ರಟೀಸ್ ಬರಿದೇ ಪ್ರಶ್ನಿಸುತ್ತಾನೆ, ಉತ್ತರವೆಲ್ಲ ಹುಡುಗನೊಳಗಿನಿಂದಲೇ ಬರುತ್ತದೆ ಎಂದು ಬರೆದುಕೊಟ್ಟೆ. ಮರಳಿ ಬಂದ ಹಾಳೆಯ ಅಂಚಿನಲ್ಲಿ ಅಧ್ಯಾಪಕರ ಒಂದೇ ಸಾಲಿತ್ತು: ‘ಹಾಗಾದರೆ ಕರ್ಣವನ್ನು ಎಳೆದವರು ಯಾರು?’

ಅಂದು ರಾತ್ರಿ ಪೆನ್ಸಿಲ್, ಸ್ಕೇಲು ಹಿಡಿದು 82ಬಿಯಿಂದ 85ಡಿಯವರೆಗೆ ಮತ್ತೆ ಓದಿದೆ. (ಈ ಗುರುತುಗಳು ಪ್ಲೇಟೋನ ಕೃತಿಗಳ 1578ರ ಎಸ್ತಿಯೆನ್ ಆವೃತ್ತಿಯ ಪುಟಗಳವು, ಇಂದಿನ ಅನುವಾದಗಳೂ ಇವನ್ನು ಅಂಚಿನಲ್ಲಿ ಅಚ್ಚು ಹಾಕುವುದರಿಂದ ಟಿಪ್ಪಣಿಗೆ ಇವೇ ಅನುಕೂಲ.) ಎರಡಡಿ ಬಾಹುವಿನ ಚೌಕದ ವಿಸ್ತೀರ್ಣ ನಾಲ್ಕು ಚದರಡಿ, ಅದರ ಇಮ್ಮಡಿ ವಿಸ್ತೀರ್ಣದ ಚೌಕಕ್ಕೆ ಬಾಹು ಎಷ್ಟು? ಹುಡುಗ ನಾಲ್ಕಡಿ ಎನ್ನುತ್ತಾನೆ, ಬರೆದು ನೋಡಿದರೆ ಹದಿನಾರಾಗುತ್ತದೆ. ಮೂರಡಿ ಎನ್ನುತ್ತಾನೆ, ಒಂಬತ್ತಾಗುತ್ತದೆ. ಕೊನೆಗೆ ಜ್ಯೂಸ್ ದೇವರಾಣೆಗೂ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ನಾಲ್ಕು ಸಮ ಚೌಕಗಳನ್ನು ಕೂಡಿಸಿಟ್ಟು, ಒಂದೊಂದನ್ನೂ ಮೂಲೆಯಿಂದ ಮೂಲೆಗೆ ಸೀಳುವ ಗೆರೆಯನ್ನು, ಅಂದರೆ ಕರ್ಣವನ್ನು, ತೋರಿಸುವವನು ಸಾಕ್ರಟೀಸನೇ. ಆದರೆ ಆ ನಾಲ್ಕು ಕರ್ಣಗಳಿಂದಾದ ಚೌಕದ ಒಳಗೆ ನಾಲ್ಕು ಅರ್ಧಗಳಿವೆ, ಮೊದಲ ಚೌಕದಲ್ಲಿ ಎರಡೇ ಇದ್ದವು, ಆದ್ದರಿಂದ ಇದು ಎಂಟು ಎಂದು ಎಣಿಸಿ ಹೇಳುವವನು ಹುಡುಗ. ನನ್ನ ಹಾಳೆಯ ಮೇಲೆ ಆ ಅರ್ಧಗಳಿಗೆ ಬಣ್ಣ ತುಂಬಿದಾಗಲೇ ನಾನೂ ಅದನ್ನು ಕಂಡದ್ದು.

ಚೌಕದ ಕರ್ಣವು ಇಮ್ಮಡಿ ಕ್ಷೇತ್ರವನ್ನು ಕೊಡುತ್ತದೆ ಎಂಬ ಮಾತು ನಮ್ಮ ಬೌಧಾಯನ ಶುಲ್ಬಸೂತ್ರದಲ್ಲಿಯೂ ಇದೆ; ಅಲ್ಲಿ ಅದು ಯಜ್ಞವೇದಿ ಕಟ್ಟುವವನಿಗೆ ಬೇಕಾದ ನಿಯಮ. ಪ್ಲೇಟೋನಿಗೆ ಬೇಕಾದದ್ದು ನಿಯಮವಲ್ಲ, ತಪ್ಪಿನಿಂದ ತಿಳಿವಳಿಕೆಯತ್ತ ಹುಡುಗ ಇಟ್ಟ ಹೆಜ್ಜೆಗಳು. ಹೀಗೆ ಹೋಲಿಸಿದ ಮೇಲೆ ಸಂವಾದದ ಉದ್ದೇಶ ನನಗೆ ನಿಚ್ಚಳವಾಯಿತು.

ಅಂದಿನಿಂದ, ವ್ಯಾಖ್ಯಾನವನ್ನು ತೆರೆಯುವ ಮುಂಚೆ, ಯಾವ ಮಾತನ್ನು ಯಾರು ಮುಂದಿಟ್ಟರು, ಯಾರು ಒಪ್ಪಿದರು ಎಂದು ಎರಡು ಸಾಲುಗಳಲ್ಲಿ ಕನ್ನಡದಲ್ಲೇ ಬರೆದುಕೊಳ್ಳುವುದು ನನ್ನ ರೂಢಿಯಾಯಿತು. ಮುಖ್ಯ ಪದಗಳನ್ನು ಮಾತ್ರ ಗ್ರೀಕಿನಲ್ಲೇ ಇಟ್ಟುಕೊಳ್ಳುತ್ತೇನೆ. ಮೊದಲ ಸಲ ‘ಡಾಕ್ಸ’ (ಅಭಿಪ್ರಾಯ), ‘ಎಪಿಸ್ಟೀಮಿ’ (ಖಚಿತ ಜ್ಞಾನ) ಎರಡನ್ನೂ ‘ಅರಿವು’ ಎಂದೇ ಬರೆದುಕೊಂಡಿದ್ದರಿಂದ 85ಸಿಯ ಮಾತು ನನ್ನ ಕಣ್ತಪ್ಪಿತ್ತು: ಹುಡುಗನಲ್ಲಿ ಈಗ ಎಚ್ಚೆತ್ತಿರುವುದು ಕನಸಿನಂಥ ಡಾಕ್ಸ, ಇವೇ ಪ್ರಶ್ನೆಗಳನ್ನು ಹಲವು ಸಲ, ಹಲವು ಬಗೆಯಲ್ಲಿ ಕೇಳಿದರೆ ಮಾತ್ರ ಅದು ಖಚಿತ ಜ್ಞಾನವಾದೀತು. ನನ್ನ ಎರಡನೆಯ ಪ್ರಬಂಧವನ್ನು ಆ ವಾಕ್ಯದಿಂದಲೇ ಆರಂಭಿಸಿದೆ.